ಜಿಹ್ವೆಯಲ್ಲಿರುವ ಗುರುಲಿಂಗ



ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಇಂದ್ರಿಯಗಳು ಶತ್ರುಗಳಲ್ಲ. ಅವು ಅರ್ಪಣದ ಮುಖಗಳು. ಷಟ್‌ಸ್ಥಲ ಸಿದ್ಧಾಂತದ ಹೆಗ್ಗಳಿಕೆಯೇ ಇದು. ನಾಸಿಕದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ, ಹೀಗೆ ಒಂದೇ ಪರವಸ್ತುವು ಆರು ನೆಲೆಗಳಲ್ಲಿ ನಿಂತು ನಮ್ಮ ಆರು ಬಗೆಯ ಅನುಭವಗಳನ್ನು ಕೈಕೊಳ್ಳುತ್ತದೆ. ಇವುಗಳಲ್ಲಿ ಜಿಹ್ವೆಯ ಗುರುಲಿಂಗಕ್ಕೆ ರುಚಿಯೇ ಪದಾರ್ಥ, ಸುಬುದ್ಧಿಯೇ ಹಸ್ತ, ನೈಷ್ಠಿಕೆಯೇ ಭಕ್ತಿ, ಅರ್ಪಿಸುವವನು ಮಾಹೇಶ್ವರ. ಮಠದ ಪಾಠಶಾಲೆಯಲ್ಲಿ 26 ವರ್ಷಗಳ ಕಾಲ ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಬಾಲಕರಿಂದ ಒಪ್ಪಿಸಿಕೊಂಡವನು ನಾನು. ಒಪ್ಪಿಸದವನನ್ನು ಎದ್ದು ನಿಲ್ಲಿಸಿದ್ದೂ ಉಂಟು. ಆದರೆ ಜಿಹ್ವೆಯಲ್ಲಿ ಗುರುವಿದ್ದಾನೆಂಬ ಮಾತಿನ ಅರ್ಥವು ನನಗೆ ತಿಳಿಯತೊಡಗಿದ್ದು 2022ನೆಯ ಇಸವಿಯಲ್ಲಿ, ನನ್ನ ನಾಲಗೆಯ ಅರ್ಧವನ್ನು ವೈದ್ಯರು ಕತ್ತರಿಸಿ ತೆಗೆದ ಮೇಲೆ.

ಸ್ವಂತ ದೇಹದ ಸಂಗತಿಯನ್ನು ಪ್ರವಚನದಲ್ಲಿ ಹೇಳಿಕೊಳ್ಳುವುದು ಮರ್ಯಾದೆಯಲ್ಲವೆಂಬುದನ್ನು ಬಲ್ಲೆ. ಆದರೂ ಈ ರೋಗವು ನಮ್ಮ ನಾಡಿನಲ್ಲಿ ಅಪರೂಪವಾದುದಲ್ಲ. ಇದನ್ನು ಅನುಭವಿಸುತ್ತಿರುವವರು ಬಾಯಿ ಬಿಟ್ಟು ಹೇಳಲಾರದವರು. ಆದುದರಿಂದ ಅವರ ಪರವಾಗಿ ಒಬ್ಬನು ಹೇಳಬೇಕಾಗಿದೆ.

ಆ ವರ್ಷದ ಚೈತ್ರದಲ್ಲಿ ನನ್ನ ನಾಲಗೆಯ ಎಡ ಅಂಚಿನಲ್ಲಿ ಜೋಳದ ಕಾಳಿನಷ್ಟು ಹುಣ್ಣೊಂದು ಕಾಣಿಸಿತು. ಹಲ್ಲು ತಗಲಿರಬೇಕೆಂದು ಜೇನು ಸವರಿದೆ, ತುಪ್ಪ ಸವರಿದೆ, ಅಂಗಡಿಯ ಗುಳಿಗೆ ನುಂಗಿದೆ. ನೋವು ಹೆಚ್ಚಾಗಿರಲಿಲ್ಲ, ಅದೇ ನನ್ನನ್ನು ಮೋಸಗೊಳಿಸಿತು. ಹತ್ತು ವಾರಗಳು ಹೀಗೆ ಕಳೆದುವು. ಕೊನೆಗೆ ವೈದ್ಯರು ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿ, ಇದು ಕ್ಯಾನ್ಸರ್ ಎಂದು ತಿಳಿಸಿದರು.

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡಲಾರೆ. ಊಟವಾದ ಮೇಲೆ ಎಲೆ ಅಡಿಕೆಯೊಡನೆ ತಂಬಾಕಿನ ಎಸಳನ್ನು ಎಡದವಡೆಯಲ್ಲಿ ಇರಿಸಿಕೊಳ್ಳುವ ಅಭ್ಯಾಸವು ನನಗೆ 30 ವರ್ಷಗಳಿಂದ ಇತ್ತು. ಯಾರಾದರೂ ಆಕ್ಷೇಪಿಸಿದರೆ, "ಅಷ್ಟವಿಧಾರ್ಚನೆಯಲ್ಲಿ ತಾಂಬೂಲವೂ ಒಂದಲ್ಲವೆ?" ಎಂದು ಶಾಸ್ತ್ರವನ್ನು ಅಡ್ಡ ಹಿಡಿಯುತ್ತಿದ್ದೆ. ಎಂತಹ ಪಾಂಡಿತ್ಯ! ಕಲ್ಯಾಣದ ಶರಣರ ಕಾಲ 12ನೆಯ ಶತಮಾನ. ತಂಬಾಕಾದರೋ ಅದಕ್ಕೆ ಶತಮಾನಗಳ ಅನಂತರ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದ ಪದಾರ್ಥ. ಶರಣರು ಲಿಂಗಕ್ಕೆ ಅರ್ಪಿಸಿದ ತಾಂಬೂಲದಲ್ಲಿ ಅದು ಇರುವುದು ಸಾಧ್ಯವೇ ಇರಲಿಲ್ಲ. ಅಷ್ಟೇ ಅಲ್ಲ, ತಂಬಾಕು ಬೆರೆಯದ ಬರಿಯ ಅಡಿಕೆಯೂ ಕ್ಯಾನ್ಸರನ್ನು ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಗುರುಲಿಂಗಕ್ಕೆ ಅರ್ಪಿಸುವ ಹಸ್ತವು ಸುಬುದ್ಧಿ ಎಂದು ಹಲಗೆಯ ಮೇಲೆ ಬರೆಯುತ್ತಿದ್ದ ಕೈಯೇ ಸುಬುದ್ಧಿಯಿಲ್ಲದೆ ದಿನವೂ ವಿಷವನ್ನು ನೈವೇದ್ಯ ಮಾಡುತ್ತಿತ್ತು. ತಂಬಾಕನ್ನು ಎಂದೂ ಮುಟ್ಟದವರಿಗೂ ಈ ರೋಗ ಬರುವುದುಂಟು. ಆದುದರಿಂದ ರೋಗಿಯನ್ನು ಕಂಡೊಡನೆ ದೂಷಿಸಬಾರದು. ನನ್ನ ವಿಷಯದಲ್ಲಿ ಮಾತ್ರ ನಾನೇ ದೂಷ್ಯನು.

ಜ್ಯೇಷ್ಠ ಮಾಸದಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾಯಿತು. ನಾಲಗೆಯ ಎಡಭಾಗವನ್ನೂ, ರೋಗವು ಹರಡುವ ದಾರಿಯಾದ ಕೊರಳಿನ ಗ್ರಂಥಿಗಳನ್ನೂ ತೆಗೆಯುವುದು. ತೆಗೆದ ನಾಲಗೆಯ ಸ್ಥಾನದಲ್ಲಿ ಎಡ ಮುಂಗೈಯ ಒಳಭಾಗದ ಚರ್ಮವನ್ನು ಅದರ ರಕ್ತನಾಳಗಳ ಸಮೇತ ತಂದು ಹೊಲಿಯುವುದು. ಆ ಸೂಕ್ಷ್ಮ ನಾಳಗಳನ್ನು ಕೊರಳಿನ ನಾಳಗಳಿಗೆ ಸೂಕ್ಷ್ಮದರ್ಶಕದ ಸಹಾಯದಿಂದ ಜೋಡಿಸುವುದು. ಬರಿದಾದ ಮುಂಗೈಗೆ ತೊಡೆಯ ತೆಳು ಚರ್ಮವನ್ನು ಹೊದಿಸುವುದು. ವೈದ್ಯರು ನನ್ನ ಮಣಿಕಟ್ಟಿನ ಎರಡು ನಾಡಿಗಳನ್ನು ಒತ್ತಿ ಹಿಡಿದು, ಒಂದನ್ನು ಬಿಟ್ಟು, ಅಂಗೈಗೆ ಕೆಂಪು ಮರಳುವುದೇ ಎಂದು ನೋಡಿದರು. ಒಂದು ನಾಡಿಯನ್ನು ತೆಗೆದರೂ ಮತ್ತೊಂದರಿಂದಲೇ ಅಂಗೈ ಬದುಕಬಲ್ಲುದೆಂಬುದನ್ನು ತಿಳಿಯುವ ಪರೀಕ್ಷೆ ಅದು.

ಆಗ ನನ್ನಲ್ಲಿ ಎದ್ದ ಭಯವು ಮರಣದ್ದಲ್ಲ. ಕೊರಳನ್ನು ಸೀಳುವಾಗ ಕೊರಳಿನ ಲಿಂಗವೆಲ್ಲಿ? ಎಡಗೈಯನ್ನು ಕಟ್ಟಿದ ಮೇಲೆ ಕರಸ್ಥಲವೆಲ್ಲಿ? ನಾಲಗೆ ಹೋದ ಮೇಲೆ ಮಂತ್ರವೆಲ್ಲಿ? ಶ್ರೀಗಳವರ ಸನ್ನಿಧಿಗೆ ಹೋಗಿ ಅರಿಕೆ ಮಾಡಿಕೊಂಡೆ. ಅವರು, ಲಿಂಗವನ್ನು ಧರಿಸಲು ಶಾಸ್ತ್ರದಲ್ಲಿ ಕೊರಳೊಂದೇ ಸ್ಥಾನವಲ್ಲ, ಶಿರಸ್ಸು, ಕಕ್ಷ, ವಕ್ಷ, ಕುಕ್ಷಿಗಳೂ ಹೇಳಲ್ಪಟ್ಟಿವೆ ಎಂದು ನೆನಪಿಸಿದರು. ಶಸ್ತ್ರಕ್ರಿಯೆಯಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ತನ್ನು ಬಳಸುವುದರಿಂದ ಮೈಮೇಲೆ ಲೋಹವಿರಕೂಡದು. ಆದ್ದರಿಂದ ಬೆಳ್ಳಿಯ ಕರಡಿಗೆಯನ್ನು ಬಿಟ್ಟು, ಲಿಂಗವನ್ನು ಶುಚಿಯಾದ ಬಟ್ಟೆಯಲ್ಲಿ ಸುತ್ತಿ ಕುಕ್ಷಿಯ ಬಳಿ ಕಟ್ಟಿಕೊಳ್ಳಲು ವೈದ್ಯರು ಒಪ್ಪಿದರು. ಇದನ್ನು ವಿವರವಾಗಿ ಏಕೆ ಹೇಳುತ್ತೇನೆಂದರೆ, ಸಂಕೋಚದಿಂದ ಕೇಳದೆ ಒಳಗೊಳಗೇ ನೊಂದುಕೊಳ್ಳುವ ಭಕ್ತರು ಅನೇಕರಿದ್ದಾರೆ. ಮುಂಚಿತವಾಗಿ ಕೇಳಿರಿ, ಸಾಧ್ಯವಾದುದನ್ನು ವೈದ್ಯರು ಮಾಡಿಕೊಡುವರು. ಸಾಧ್ಯವಿಲ್ಲವೆಂದರೆ ಚಿಕಿತ್ಸೆಯನ್ನು ತಡಮಾಡದೆ ನಿಮ್ಮ ಗುರುಗಳ ಅಪ್ಪಣೆಯಂತೆ ನಡೆಯಿರಿ.

ಎಚ್ಚರವಾದಾಗ ಬಾಯಿಯೊಳಗೆ ನನ್ನದಲ್ಲದ ಒಂದು ವಸ್ತುವಿತ್ತು. ಮೂಗಿನಿಂದ ಹೊಟ್ಟೆಗೆ ಒಂದು ಕೊಳವೆ, ಕೊರಳಿನಲ್ಲಿ ಉಸಿರಾಟಕ್ಕೊಂದು ರಂಧ್ರ. ದಾದಿಯರು ರಾತ್ರಿಯೆಲ್ಲ ಗಂಟೆಗಂಟೆಗೂ ಬಂದು, ನೆಟ್ಟ ಚರ್ಮದ ಬಣ್ಣವನ್ನು ನೋಡುತ್ತಿದ್ದರು. ರಕ್ತ ಹರಿಯುವುದು ನಿಂತರೆ ಕೂಡಲೇ ತಿಳಿಯಬೇಕಲ್ಲವೆ? ಮಾತಿಲ್ಲದ ಆ ರಾತ್ರಿಗಳಲ್ಲಿ ಒಂದು ಯೋಚನೆ ಹೊಳೆಯಿತು. ಬಾಲ್ಯದಿಂದ ಲಿಂಗವನ್ನು ಹೊತ್ತ ಕೈಯ ಚರ್ಮವೇ ಈಗ ನಾಲಗೆಯಾಗಿದೆ. ಚರ್ಮವು ಜಂಗಮಲಿಂಗದ ಸ್ಥಾನ, ನಾಲಗೆಯು ಗುರುಲಿಂಗದ ಸ್ಥಾನ. ಜಂಗಮವು ನಡೆದು ಗುರುವಿನ ಮನೆಗೆ ಬಂದಿದೆ. ಇದು ಶಾಸ್ತ್ರವಲ್ಲ, ರೋಗಿಯ ಭಾವನೆಯಷ್ಟೆ. ಆದರೂ ಮನೆಗೆ ಬಂದ ಜಂಗಮನನ್ನು "ನೀನು ನನ್ನವನಲ್ಲ" ಎನ್ನಲಾಗುವುದೇ? ಅಂದಿನಿಂದ ಬಾಯಿಯೊಳಗಿನ ಆ ಮೊದ್ದು ತುಂಡಿನ ಮೇಲಿದ್ದ ಹೇಸಿಕೆಯು ಕಡಿಮೆಯಾಯಿತು.

ಮಂತ್ರದ ಮಾತಿಗೆ ಬರುತ್ತೇನೆ. ಶಿಕ್ಷಾಶಾಸ್ತ್ರದ ಪ್ರಕಾರ ಪ್ರತಿಯೊಂದು ವರ್ಣಕ್ಕೂ ಒಂದು ಸ್ಥಾನವುಂಟು. ಪಂಚಾಕ್ಷರಿಯಲ್ಲಿ ನಕಾರವು ದಂತ್ಯ, ಮಕಾರವು ಓಷ್ಠ್ಯ, ಶಕಾರವು ತಾಲವ್ಯ, ವಕಾರವು ದಂತೋಷ್ಠ್ಯ, ಯಕಾರವು ತಾಲವ್ಯ. ದಂತವನ್ನೂ ತಾಲುವನ್ನೂ ನಾಲಗೆಯು ಮುಟ್ಟಲೇಬೇಕು; ಆದುದರಿಂದ ಐದರಲ್ಲಿ ಮೂರು ಅಕ್ಷರಗಳು ನನಗೆ ಕೆಟ್ಟುವು, ಎರಡು ಉಳಿದುವು. ಇನ್ನು ಪ್ರಣವವನ್ನು ನೋಡಿರಿ. ಅಕಾರವು ಕಂಠ್ಯ, ಉಕಾರವು ಓಷ್ಠ್ಯ, ಮಕಾರವು ಓಷ್ಠ್ಯ. ಕಂಠದಲ್ಲಿ ಹುಟ್ಟಿ ತುಟಿಯಲ್ಲಿ ಮುಗಿಯುವ ಓಂಕಾರಕ್ಕೆ ನಾಲಗೆಯ ಹಂಗಿಲ್ಲ! ಈ ವರ್ಣಸ್ಥಾನಗಳನ್ನು ಸಾವಿರ ಸಲ ಪಾಠ ಹೇಳಿದ್ದೆ. ಇದನ್ನು ಮಾತ್ರ ಕಂಡಿರಲಿಲ್ಲ. ಕೊರಳಿನ ರಂಧ್ರ ಮುಚ್ಚಿದ ಮೇಲೆ ನಾನು ಉಚ್ಚರಿಸಿದ ಮೊದಲನೆಯ ಶಬ್ದ ಅದೇ. ಉಳಿದುದಕ್ಕೆ ಮಾನಸಜಪವಿತ್ತು. ವಾಚಿಕಕ್ಕಿಂತ ಉಪಾಂಶು ಮೇಲು, ಉಪಾಂಶುವಿಗಿಂತ ಮಾನಸ ಮೇಲು ಎಂದು ಹಿರಿಯರು ಹೇಳಿದ್ದು ಇಂತಹ ದಿನಕ್ಕಾಗಿಯೂ ಇರಬೇಕು.

ಹನ್ನೆರಡನೆಯ ದಿನ ನುಂಗುವ ಅಭ್ಯಾಸವನ್ನು ಆರಂಭಿಸಿದರು. ನಾವು ಯೋಚಿಸದೆ ಮಾಡುವ ಈ ಕ್ರಿಯೆಯಲ್ಲಿ ನಾಲಗೆಗೆ ಎಷ್ಟು ಕೆಲಸವಿದೆ! ತುತ್ತನ್ನು ಹಲ್ಲಿಗೆ ಒಡ್ಡುವುದು, ಉಂಡೆಗಟ್ಟುವುದು, ಹಿಂದಕ್ಕೆ ತಳ್ಳುವುದು, ಎಲ್ಲವೂ ಅದರದೇ. ಅದು ಕುಂದಿದರೆ ತೆಳುವಾದ ನೀರೇ ಅತ್ಯಂತ ಕಠಿನ. ಬೇಗನೆ ಜಾರಿ ಶ್ವಾಸನಾಳವನ್ನು ಹೊಕ್ಕು ಕೆಮ್ಮಿಸುವುದು, ಪುಪ್ಪುಸಕ್ಕೆ ಇಳಿದರೆ ಅಪಾಯವನ್ನೂ ತರುವುದು. ನೆಟ್ಟಗೆ ಕುಳಿತು, ಗದ್ದವನ್ನು ಎದೆಯ ಕಡೆಗೆ ಬಾಗಿಸಿ, ಉಸಿರು ಹಿಡಿದು, ಸ್ವಲ್ಪವೇ ನುಂಗಿ, ಕೆಮ್ಮಿ, ಮತ್ತೊಮ್ಮೆ ನುಂಗಬೇಕೆಂದು ಕಲಿಸಿದರು. ಗದ್ದ ಬಾಗಿಸುವುದು! ನಮ್ಮವರು ಪಾದೋದಕವನ್ನು ಸ್ವೀಕರಿಸುವಾಗ ತಲೆ ಬಾಗಿಸುವುದು ವಿನಯಕ್ಕೆ. ಇಲ್ಲಿ ಪ್ರಾಣರಕ್ಷಣೆಗೂ ಅದೇ ಭಂಗಿ. ವೈದ್ಯರ ಅಪ್ಪಣೆಯಾದ ಮೇಲೆಯೇ, ಮನೆಯಲ್ಲಿ, ಮೂರು ಹನಿ ಪಾದೋದಕವನ್ನು ಒಂದೊಂದಾಗಿ ತೆಗೆದುಕೊಂಡೆ. ಮೂರು ಹನಿಗೆ ಕಾಲು ಗಂಟೆ ಹಿಡಿಯಿತು. ಅದಕ್ಕೆ ಮುಂಚೆ ಎಂದೂ ಅಷ್ಟು ಲಕ್ಷ್ಯಕೊಟ್ಟು ಪಾದೋದಕವನ್ನು ಸೇವಿಸಿದ್ದಿಲ್ಲ.

ಶ್ರಾವಣದಲ್ಲಿ ಕಿರಣ ಚಿಕಿತ್ಸೆ ಪ್ರಾರಂಭವಾಯಿತು. ವಾರಕ್ಕೆ 5 ದಿನಗಳಂತೆ 6 ವಾರ, ಒಟ್ಟು 30 ಸಲ. ಮಠದಲ್ಲಿ ಪುರಾಣ ಪ್ರವಚನಗಳು ನಡೆಯುವ ತಿಂಗಳದು. ಪ್ರತಿವರ್ಷ ಅಲ್ಲಿ ಕುಳಿತು ಮಾತನಾಡುತ್ತಿದ್ದವನು ಮುಖಕ್ಕೆ ಜಾಳಿಗೆಯ ಕವಚ ತೊಟ್ಟು ಮೇಜಿನ ಮೇಲೆ ಮಲಗಿದ್ದೆ. ಮೂರನೆಯ ವಾರದ ಹೊತ್ತಿಗೆ ಬಾಯಿ ಬೆಂದು, ಜೊಲ್ಲು ಬತ್ತಿ, ಉಳಿದರ್ಧ ನಾಲಗೆಯ ರುಚಿಯೂ ಹೋಯಿತು. ಜೋಳದ ನುಚ್ಚು, ಅಂಬಲಿ, ಹೆಸರುಬೇಳೆಯ ತಿಳಿ, ಎಲ್ಲವೂ ಒದ್ದೆಯಾದ ಕಾಗದದಂತೆ. ಒಂದು ದಿನ ಗೃಹಿಣಿಯು ಮೂರನೆಯ ಸಲ ಸೋಸಿ ತಂದ ಗಂಜಿಯ ಬಟ್ಟಲನ್ನು ನಾನು ದೂರ ತಳ್ಳಿಬಿಟ್ಟೆ. ಅದು ನೆಲಕ್ಕೆ ಬಿದ್ದಿತು. ಆಕೆ ಒಂದು ಮಾತನ್ನೂ ಆಡದೆ ನೆಲವನ್ನು ಒರೆಸಿ, ನಾಲ್ಕನೆಯ ಸಲ ಒಲೆ ಹೊತ್ತಿಸಿದಳು.

ಆ ರಾತ್ರಿ ನನ್ನನ್ನು ನಾನೇ ಕೇಳಿಕೊಂಡೆ. ರುಚಿಯು ಗುರುಲಿಂಗದ ಪದಾರ್ಥವೆಂದು ಪಾಠ ಹೇಳಿದೆಯಲ್ಲ, ರುಚಿ ಇದ್ದಾಗ ಅದನ್ನು ಎಷ್ಟು ದಿನ ಅರ್ಪಿಸಿದೆ? ಉಪ್ಪು ಹೆಚ್ಚಾದರೆ ಕೋಪ, ಖಾರ ಕಡಿಮೆಯಾದರೆ ಕೋಪ, ಸವಿಯಾದರೆ ಇನ್ನೊಂದು ತುತ್ತಿನ ಆಸೆ. ಈ ಮೂರರಲ್ಲಿ ಲಿಂಗಕ್ಕೆ ಸಂದದ್ದು ಯಾವುದು? ರುಚಿಯಿದ್ದಾಗ ರುಚಿಯನ್ನೂ, ರುಚಿಯಿಲ್ಲದಾಗ ಆ ಇಲ್ಲದಿರುವಿಕೆಯನ್ನೂ ಅರ್ಪಿಸಬಲ್ಲವನು ಮಾಹೇಶ್ವರ. ಅದಕ್ಕೇ ಆ ಸ್ಥಲಕ್ಕೆ ನಿಷ್ಠೆಯೆಂಬ ಭಕ್ತಿಯನ್ನು ಹೇಳಿದ್ದಾರೆ. ಪ್ರಸಾದವು ಪದಾರ್ಥದ ಸವಿಯಲ್ಲ, ಅರ್ಪಿತವಾದ ಮೇಲೆ ಉಳಿಯುವ ಪ್ರಸನ್ನತೆ. ಮರುದಿನ ಗಂಜಿಯನ್ನು ಅರ್ಪಿಸಿ ಕುಡಿದೆ. ರುಚಿ ಬರಲಿಲ್ಲ. ಆದರೆ ಬಟ್ಟಲು ನೆಲಕ್ಕೆ ಬೀಳಲಿಲ್ಲ. ಸಾಧನೆಯೆಂದರೆ ಕೆಲವೊಮ್ಮೆ ಇಷ್ಟೇ. ಏಳೆಂಟು ತಿಂಗಳುಗಳ ಮೇಲೆ ಬಲಭಾಗದಲ್ಲಿ ಉಪ್ಪು ಹುಳಿಗಳು ಮರಳಿ ತಿಳಿದುವು. ಎಡಭಾಗದ ಚರ್ಮಕ್ಕೆ ರುಚಿಯಿಲ್ಲ, ಬರುವುದೂ ಇಲ್ಲ.

ಪಂಕ್ತಿಯ ಊಟ ಮತ್ತೊಂದು ಪರೀಕ್ಷೆ. ತುಟಿಯ ಅಂಚಿನಿಂದ ಸಾರು ಇಳಿಯುವುದು, ಅನ್ನವು ದವಡೆಯಲ್ಲಿ ಸಿಕ್ಕಿಕೊಳ್ಳುವುದು, ಬೆರಳಿನಿಂದ ತೆಗೆಯಬೇಕಾಗುವುದು. ಆರು ತಿಂಗಳು ಬಾಗಿಲು ಮುಚ್ಚಿಕೊಂಡೇ ಉಂಡೆ. ಕೊನೆಗೆ ಶ್ರೀಗಳವರು ಹೇಳಿಕಳುಹಿಸಿದರು: ದಾಸೋಹದಲ್ಲಿ ಉಣ್ಣಲು ನಾಚಿಕೆಯಾದರೆ ಬಡಿಸಲು ಬಾ ಎಂದು. ಬಡಿಸಲು ಹೋದೆ. ಬಗ್ಗಿ ಬಡಿಸುವಾಗ ಕಂಡೆ: ಒಬ್ಬ ಮುದುಕನಿಗೆ ಹಲ್ಲಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದಾನೆ, ಒಬ್ಬಳ ಕೈ ನಡುಗುತ್ತದೆ, ತುತ್ತು ಎಲೆಯ ಮೇಲೆಯೇ ಉದುರುತ್ತದೆ, ಒಂದು ಮಗುವಿನ ಮುಖವೆಲ್ಲ ಪಾಯಸ. 26 ವರ್ಷ ಅದೇ ಪಂಕ್ತಿಯಲ್ಲಿ ಕುಳಿತಿದ್ದರೂ ಎಲೆಯಿಂದ ಕಣ್ಣೆತ್ತಿ ನಾನು ಇದನ್ನು ನೋಡಿರಲಿಲ್ಲ. ಮರುವಾರ ಪಂಕ್ತಿಯ ಕೊನೆಯಲ್ಲಿ, ಒಂದು ಚೌಕ ಇಟ್ಟುಕೊಂಡು, ನಾನೂ ಉಣ್ಣಲು ಕುಳಿತೆ.

ಇನ್ನು ಮಾತು. 2023ರ ಮಾಘದಲ್ಲಿ ಪಾಠಶಾಲೆಗೆ ಮರಳಿದೆ. ಲಕಾರ ಳಕಾರಗಳ ಭೇದವನ್ನು ತಪ್ಪಿದ ಬಾಲಕರನ್ನು ನಾನು ಗದರುತ್ತಿದ್ದುದು ಊರಿಗೆಲ್ಲ ತಿಳಿದ ಸಂಗತಿ. ಈಗ ನಾಲಗೆಯನ್ನು ಮೇಲಕ್ಕೆ ಮಡಿಸಲಾರೆ. ಆದುದರಿಂದ ಟಕಾರ, ಣಕಾರ, ಳಕಾರಗಳು ನನಗೆ ಇಲ್ಲ. ಹಾಜರಿ ಕರೆಯುವಾಗ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ನಗದೆ ಕುಳಿತವನು ಒಬ್ಬನೇ. ಹುಟ್ಟಿನಿಂದ ತೊದಲುವ ಆ ಹುಡುಗನನ್ನು ಎರಡು ವರ್ಷಗಳ ಹಿಂದೆ "ಸ್ಪಷ್ಟವಾಗಿ ಹೇಳು, ಇಲ್ಲವೇ ಕುಳಿತುಕೋ" ಎಂದು ನಾನು ಎಲ್ಲರೆದುರಿಗೆ ಅವಮಾನಿಸಿದ್ದೆ. ಅಂದಿನಿಂದ ಅವನು ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ಅಂದು ಪಾಠ ಮುಗಿದ ಮೇಲೆ ಅವನನ್ನು ಕರೆದು, ನನ್ನ ಮುರುಕು ಮಾತಿನಲ್ಲಿ, "ನಾನು ನಿನಗೆ ತಪ್ಪು ಮಾಡಿದೆ" ಎಂದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದೆ. ಮೂರನೆಯ ಸಲ ಹೇಳಿದಾಗ ತಲೆಯಾಡಿಸಿದನು. ಅನಂತರದ ದಿನಗಳಲ್ಲಿ ಉಚ್ಚಾರಣೆಯ ಅಭ್ಯಾಸವನ್ನು ಕನ್ನಡಿಯ ಮುಂದೆ ನಾವಿಬ್ಬರೂ ಜೊತೆಯಾಗಿ ಮಾಡಿದೆವು. ಅವನು ಈಗ ವಚನವನ್ನು ಸಭೆಯಲ್ಲಿ ನಿಧಾನವಾಗಿ ಓದುತ್ತಾನೆ. ಳಕಾರವನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ.

ವಚನವೆಂಬ ಶಬ್ದಕ್ಕೆ ಮಾತು ಎಂದೇ ಅರ್ಥ. ಕೊಟ್ಟ ಭಾಷೆ ಎಂದೂ ಅರ್ಥ. ನುಡಿ ಹೇಗಿರಬೇಕೆಂಬುದನ್ನು ಬಸವಣ್ಣನವರು ತಿಳಿಸಿದ ವಚನವನ್ನು ಅರಿಯದ ಮನೆಯಿಲ್ಲ. ನಾನು ಅದನ್ನು ಉಚ್ಚಾರಣೆಯ ಶುದ್ಧಿಯೆಂದು ತಿಳಿದಿದ್ದೆ. ನುಡಿಯ ಶುದ್ಧಿ ಎಂದರೆ ನಡೆಯ ಶುದ್ಧಿ ಎಂದು ಅದೇ ವಚನವು ಕೊನೆಯಲ್ಲಿ ಎಚ್ಚರಿಸುವುದನ್ನು ಮರೆತಿದ್ದೆ. ಮೊದಲು ನೂರು ಮಾತುಗಳು ತಾವಾಗಿ ಬರುತ್ತಿದ್ದುವು. ಈಗ ಹತ್ತು ಮಾತಿಗೆ ಶ್ರಮ ಪಡಬೇಕು. ಆದುದರಿಂದ ಹತ್ತನ್ನು ಆರಿಸಬೇಕು. ಆರಿಸುವಾಗ ಕಟುವಾದುದು ತಾನಾಗಿ ಉದುರಿಹೋಗುತ್ತದೆ, ಅದರ ಶ್ರಮಕ್ಕೆ ತಕ್ಕ ಫಲವಿಲ್ಲ. ಜಿಹ್ವೆಯಲ್ಲಿ ಗುರುವಿದ್ದಾನೆಂದರೆ ಇದೇ. ಇಡೀ ನಾಲಗೆಯಿದ್ದಾಗ ನಾನು ಅದಕ್ಕೆ ಯಜಮಾನನಾಗಿದ್ದೆ. ಅರ್ಧವಾದ ಮೇಲೆ ಅದು ನನಗೆ ಗುರುವಾಯಿತು.

ಗೃಹಸ್ಥರಾದ ತಮ್ಮಲ್ಲಿ ಕೆಲವು ವಿಜ್ಞಾಪನೆಗಳಿವೆ. ಬಾಯಿಯಲ್ಲಿ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಗಂಟು, ಯಾವುದೇ ಆಗಲಿ ಮೂರು ವಾರಗಳಲ್ಲಿ ಮಾಯದಿದ್ದರೆ ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ. ಆರಂಭದಲ್ಲಿ ತಿಳಿದರೆ ಕತ್ತರಿಸಬೇಕಾದುದೂ ಕಡಿಮೆ, ಬದುಕುವ ಭರವಸೆಯೂ ಹೆಚ್ಚು. ಕರ್ನಾಟಕ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಎರಡು ಪೊಟ್ಟಣಗಳನ್ನು ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಕಾಯಿದೆಯ ಕಣ್ಣು ತಪ್ಪಬಹುದು, ಲಿಂಗದ ಕಣ್ಣು ತಪ್ಪದು. ಆ ಅಂಗೈ ಕರಸ್ಥಲವೆಂಬುದನ್ನು ನೆನೆಯಿರಿ.

ಇಂತಹ ರೋಗಿಯು ಮನೆಯಲ್ಲಿದ್ದರೆ, ಅವನ ಮಾತನ್ನು ನೀವು ಪೂರ್ತಿಮಾಡಬೇಡಿರಿ, ಮುಗಿಸುವವರೆಗೆ ಕಾಯಿರಿ. ತಿಳಿಯದಿದ್ದರೆ ತಿಳಿದಂತೆ ನಟಿಸದೆ ಮತ್ತೊಮ್ಮೆ ಕೇಳಿರಿ. ಅವನು ಕಿವುಡನಲ್ಲ, ಕೂಗಿ ಮಾತನಾಡಬೇಡಿರಿ. ಅವನ ಊಟಕ್ಕೆ ಗಂಟೆ ಹಿಡಿದರೆ ಜೊತೆಗೆ ಕುಳಿತುಕೊಳ್ಳಿರಿ. ಪೂರ್ವಜನ್ಮದ ಕರ್ಮವೆಂದು ಅವನ ಎದುರಿಗೆ ಹೇಳಬೇಡಿರಿ. ಅದು ಸಾಂತ್ವನವಲ್ಲ, ಹುಣ್ಣಿನ ಮೇಲೆ ಖಾರ. ಕೊರಳಿನ ಶಸ್ತ್ರಕ್ರಿಯೆಯಿಂದ ಭುಜವು ಬಿಗಿಯುವುದುಂಟು. ವ್ಯಾಯಾಮವನ್ನು ಬಿಡಲು ಬಿಡಬೇಡಿರಿ. ಕಿರಣದ ಬಳಿಕ ಹಲ್ಲುಗಳು ಬೇಗ ಕೆಡುತ್ತವೆ. ವೈದ್ಯರನ್ನು ಕೇಳದೆ ಹಲ್ಲು ಕೀಳಿಸಬಾರದು. ಗೊತ್ತಾದ ದಿನ ಪರೀಕ್ಷೆಗೆ ಹೋಗುವುದನ್ನು ತಪ್ಪಿಸಬಾರದು.

ಆ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಇಂದಿಗೂ ನಿದ್ರೆ ಬಾರದು. ರೋಗವು ಮರಳದೆಂದು ಯಾರೂ ಬರೆದುಕೊಟ್ಟಿಲ್ಲ. ಅಂತಹ ರಾತ್ರಿಯಲ್ಲಿ ಎದ್ದು ಕುಳಿತು ಲಿಂಗವನ್ನು ಎಡಗೈಯಲ್ಲಿರಿಸಿಕೊಳ್ಳುತ್ತೇನೆ. ಮಣಿಕಟ್ಟಿನ ಮೇಲೆ ತೊಡೆಯ ಚರ್ಮದ ಮಚ್ಚೆ. ಬಾಯಿಯಲ್ಲಿ ಮಣಿಕಟ್ಟಿನ ಚರ್ಮ. ಒಂದು ಅಂಗವು ಕುಂದಿದಾಗ ಇನ್ನೊಂದು ತನ್ನನ್ನು ಕೊಟ್ಟಿತು. ಒಬ್ಬಳು ನಾಲ್ಕನೆಯ ಸಲ ಒಲೆ ಹೊತ್ತಿಸಿದಳು. ಒಬ್ಬ ಹುಡುಗನು ನಗದೆ ಕುಳಿತನು. ದಾಸೋಹವೆಂದು ಇದನ್ನಲ್ಲದೆ ಇನ್ನಾವುದನ್ನು ಕರೆಯೋಣ? ಐದರಲ್ಲಿ ಮೂರು ಅಕ್ಷರಗಳು ಸೊಟ್ಟಗಾದರೂ ಪಂಚಾಕ್ಷರಿಯನ್ನು ಬಾಯಿಬಿಟ್ಟೇ ನುಡಿಯುತ್ತೇನೆ. ಕೇಳತಕ್ಕವನಿಗೆ ಲಕಾರ ಳಕಾರಗಳ ಭೇದವಿಲ್ಲ.

ಶ್ರೀಗುರುವು ನಿಮ್ಮೆಲ್ಲರ ಜಿಹ್ವೆಯಲ್ಲಿ ಸುಬುದ್ಧಿಯಾಗಿ ನೆಲಸಲಿ.